ಗಾಳಿ ಊದದ ಬೆಂಕಿ

ಲಾಸ್ ಏಂಜಲಿಸ್ ಸುತ್ತಮುತ್ತ ಸ್ವಂತ ಮನೆ ಮಾಡಿಕೊಂಡವರಿಗೆ ಗೆದ್ದಲಿನ ಕಾಟ ಹೊಸದಲ್ಲ. ಇಲ್ಲಿಯ ಮನೆಗಳು ಮರದವು. ದಿನಾ ಒರೆಸಿದರೂ ಕಿಟಕಿಯ ಕಟ್ಟೆಯ ಮೇಲೆ ರವೆಯಂಥ ಪುಡಿ ಬೀಳತೊಡಗಿದರೆ, ಮನೆಯನ್ನು ಯಾರೋ ಒಳಗಿನಿಂದ ತಿನ್ನುತ್ತಿದ್ದಾರೆ ಎಂದು ತಿಳಿಯಬೇಕು. ಆಗ ಕಂಪನಿಯವರನ್ನು ಕರೆಸಬೇಕು. ಅವರು ಇಡೀ ಮನೆಗೆ ದೊಡ್ಡ ಗುಡಾರ ಹೊದಿಸಿ ಒಳಗೆ ವಿಷಾನಿಲ ತುಂಬುತ್ತಾರೆ. ಮೂರು ದಿನ ಮನೆಯವರು ಬೇರೆಲ್ಲಾದರೂ ಇರಬೇಕು.

೨೦೧೫ರ ಜನವರಿಯಲ್ಲಿ ಸ್ಯಾಂಟಾ ಕ್ಲಾರಿಟಾದ ವಿಜಯ ಮತ್ತು ಮೇಘಾ ದಂಪತಿಗೆ ಈ ಸರದಿ ಬಂತು. ವಿಜಯ ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ಎಂಜಿನಿಯರ್. ಮೇಘಾ ಎರಡು ತಿಂಗಳ ಬಾಣಂತಿ. ಹೆಣ್ಣು ಕೂಸು. ಬಾಣಂತನ ಮಾಡಲೆಂದು ಮೇಘಾಳ ತಾಯಿ ಶಾರದವ್ವ ಗದಗಿನ ಕಡೆಯಿಂದ ಬಂದಿದ್ದರು.

"ಮೂರು ದಿನ ಹೋಟೆಲಿನ್ಯಾಗ ಇರೂಣು, ಅತ್ತಿ" ಎಂದ ವಿಜಯ.

"ಹೋಟೆಲಿನ್ಯಾಗ ಒಲಿ ಇರ್ತೈತೇನು?"

"ಮೈಕ್ರೋವೇವ್ ಇರ್ತೈತಿ."

"ಅದರಾಗ ಅಳವಿ ಪಾಯಸಾ ಆಕ್ಕೈತೇನು? ಬಿಸಿ ರೊಟ್ಟಿ ಬಡದು ಕೊಡಾಕ ಬರ್ತೈತೇನು? ಬಾಣಂತಿಗೆ ಬ್ರೆಡ್ ತಿನಿಸಿ ಬಂದಾಳ ಶಾರದವ್ವ ಅಂತ ಊರಾಗ ಗೊತ್ತಾದ್ರ, ನನಗ ಹೊಳ್ಳಿ ಹೋಗಾಕ ಮಾರಿ ಇರೂದಿಲ್ಲ ನೋಡ್ರಿ."

ಹಾಗಾಗಿ ವಿಜಯ ಒಂದು ಟ್ರಾವೆಲ್ ಟ್ರೇಲರ್ ಬಾಡಿಗೆಗೆ ಹಿಡಿದ. ಅದು ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆ. ಒಳಗೆ ಎರಡು ಹಾಸಿಗೆ, ಒಂದು ಪುಟ್ಟ ಬಚ್ಚಲು, ಮೂರು ಉರಿಯ ಗ್ಯಾಸ್ ಒಲೆ, ಒಲೆಯ ಕೆಳಗೆ ಒಂದು ಓವನ್. ಒಲೆ, ಓವನ್, ಹೀಟರ್ ಎಲ್ಲಕ್ಕೂ ಹೊರಗಿನ ಪ್ರೊಪೇನ್ ಸಿಲಿಂಡರಿನಿಂದ ಗ್ಯಾಸ್. ಬಾಡಿಗೆಯವರೇ ಅದನ್ನು ಎಳೆದು ತಂದು, ಸ್ಯಾನ್ ಡಿಯಾಗೋ ಕಡೆ ಸಮುದ್ರದ ದಂಡೆಯ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ ನಿಲ್ಲಿಸಿಕೊಟ್ಟರು. ಅಲ್ಲಿಗೇ ಹೋಗಲು ಒಂದು ಕಾರಣವಿತ್ತು. ಮೇಘಾಳ ಗೆಳತಿ ಕುಮುದಾ ಹತ್ತಿರದಲ್ಲೇ ಇದ್ದಳು. ಓದುವಾಗ ಇಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವರು. ಕುಮುದಾ ತುಮಕೂರಿನವಳು. ಈಗ ಸ್ಯಾನ್ ಡಿಯಾಗೋದ ಒಂದು ಆಸ್ಪತ್ರೆಯಲ್ಲಿ, ಉಸಿರಾಟದ ರೋಗಿಗಳನ್ನು ನೋಡುವ ವಿಭಾಗದಲ್ಲಿ ಕೆಲಸ.

ಟ್ರೇಲರ್ ತಂದವನು ಹೋಗುವ ಮೊದಲು ವಿಜಯನಿಗೆ ಎಲ್ಲವನ್ನೂ ತೋರಿಸಿದ. ಓವನ್ ಹಚ್ಚುವಾಗ ಚಾವಣಿಯ ಕಿಂಡಿ ತೆರೆದಿಡಿ, ಫ್ಯಾನ್ ಹಾಕಿ ಎಂದ. ವಿಜಯ ತಲೆಯಾಡಿಸಿದ. ಅವನ ಫೋನಿಗೆ ಆಗ ಆಫೀಸಿನಿಂದ ಕರೆ ಬರುತ್ತಿತ್ತು.

ಸಂಜೆಯ ಹೊತ್ತಿಗೆ ಸಮುದ್ರದ ಕಡೆಯಿಂದ ತೇವದ ಚಳಿ ಬಂತು. ವಿಜಯ ಹೀಟರ್ ಹಾಕಿದ. ನೆಲದ ಜಾಲರಿಯಿಂದ ಸದ್ದು ಮಾಡುತ್ತ ಬಿಸಿ ಗಾಳಿ ಹೊರಟಿತು. ಶಾರದವ್ವ ಕಾಲು ಮೇಲೆತ್ತಿಕೊಂಡರು.

"ಇದೇನ್ರಿ ಇದು, ಕೆಳಗಿಂದ ಗಾಳಿ ಊದಾಕತ್ತೈತಿ?"

"ಹೀಟರ್, ಅತ್ತಿ. ಬಿಸಿ ಗಾಳಿ."

"ಬಿಸಿ ಆದ್ರೇನು, ತಣ್ಣಂದಾದ್ರೇನು, ಗಾಳಿ ಗಾಳೀನ. ಬಾಣಂತಿಗೆ ಗಾಳಿ ತಾಗಬಾರದಂತ ನಾ ಏಳು ಸಮುದ್ರ ದಾಟಿ ಬಂದು ಕುಂತೇನಿ. ನೀವು ಮಷೀನ್ ಹಚ್ಚಿ ಊದಸಾಕತ್ತೀರಿ!"

ಮೇಘಾ ನಕ್ಕಳು. "ಅವ್ವಾ, ನೀ ಒಂದು ಸಮುದ್ರನೂ ದಾಟಿಲ್ಲ. ವಿಮಾನದಾಗ ನಿದ್ದಿ ಮಾಡ್ಕೋತ ಬಂದಿ."

"ನಗು. ನಲವತ್ತಕ್ಕ ಸೊಂಟಾ ಹಿಡದಾಗ ನೆನಸ್ಕೋ ನನ್ನ."

ವಿಜಯ ಹೀಟರ್ ಆರಿಸಿದ. ಆ ರಾತ್ರಿ ಎಲ್ಲರೂ ಇದ್ದಬದ್ದ ರಗ್ಗು ಹೊದ್ದು ಮಲಗಿದರು.

ಮರುದಿನ ಬೆಳಿಗ್ಗೆ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವುದಿತ್ತು. ಶಾರದವ್ವನ ಊರಿನಲ್ಲಿ ಎರೆದ ಮೇಲೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು ಮೈ ಕಾಯಿಸುತ್ತಾರೆ. ಇಲ್ಲಿ ಹೊರಸಿಲ್ಲ, ಕೆಂಡವಿಲ್ಲ. ಅವರು ಟ್ರೇಲರಿನ ಒಳಗೆಲ್ಲ ಕಣ್ಣಾಡಿಸಿದರು. ಓವನ್ ಕಂಡಿತು.

"ಅಳಿಯಾರ, ಇದನ್ನ ಹಚ್ಚಿ ಬಾಗಲಾ ತಗದಿಟ್ರ ಬೆಂಕಿ ಕಾಣ್ತೈತೆಲ್ಲ?"

"ಕಾಣ್ತೈತಿ."

"ಇದು ಗಾಳಿ ಊದೂದಿಲ್ಲಲ್ಲ?"

"ಇಲ್ಲ."

"ಮತ್ತ! ಇದು ಬಾಣಂತಿ ಬೆಂಕಿ. ಸುಮ್ಮನ ಉರೀತೈತಿ. ಹಚ್ಚಿ ಕೊಡ್ರಿ."

ಓವನ್ನಿನ ಬಾಗಿಲ ಪಕ್ಕದಲ್ಲಿ ಒಂದು ಹಳದಿ ಚೀಟಿ ಅಂಟಿತ್ತು. ಕೋಣೆ ಬೆಚ್ಚಗೆ ಮಾಡಲು ಇದನ್ನು ಬಳಸಬೇಡಿ ಎಂದು ಅದರಲ್ಲಿ ಬರೆದಿತ್ತು. ವಿಜಯ ಅದನ್ನು ಓದಿದ. ಮೇಘಾಳಿಗೂ ತೋರಿಸಿದ.

"ಈ ದೇಶದಾಗ ಬಕೇಟಿಗೂ ಒಂದು ಚೀಟಿ ಅಂಟಸ್ತಾರ, ಇದರಾಗ ಕೂಸು ಬೀಳ್ತೈತಿ ಅಂತ" ಎಂದಳು ಮೇಘಾ.

ಆದರೂ ಅವನು ಎಚ್ಚರಿಕೆಯ ಮನುಷ್ಯ. ಸೋಪಿನ ನೀರು ಕಲೆಸಿ, ಗ್ಯಾಸಿನ ಕೊಳವೆ ಕೂಡುವ ಕಡೆಯೆಲ್ಲ ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಮೂಸಿ ನೋಡಿದ. ವಾಸನೆ ಇರಲಿಲ್ಲ. ಲೀಕ್ ಇಲ್ಲ, ಭಯವಿಲ್ಲ ಎಂದುಕೊಂಡು ಕಡ್ಡಿ ಗೀರಿ ಓವನ್ ಹಚ್ಚಿದ. ಬಾಗಿಲು ತೆರೆದಿಟ್ಟ.

ಒಳಗೆ ಬೇಗ ಬೆಚ್ಚಗಾಯಿತು. ಆದರೆ ಚಾವಣಿಯ ಕಿಂಡಿಯಿಂದ ತಣ್ಣನೆಯ ಗಾಳಿ ನೇರ ಕೂಸಿನ ನೆತ್ತಿಯ ಮೇಲೆ ಇಳಿಯುತ್ತಿತ್ತು. ಶಾರದವ್ವ ಅದನ್ನು ಮುಚ್ಚಿಸಿದರು. ಮುಚ್ಚಿದ ಮೇಲೂ ಸಂದಿಯಿಂದ ಗಾಳಿ ಸುಳಿದಂತೆನಿಸಿ, ಹಳೆಯ ಸೀರೆಯ ತುಂಡನ್ನು ಅಲ್ಲಿಗೆ ತುರುಕಿದರು. ಕಿಟಕಿಯ ಸಂದಿಗಳಿಗೂ ಬಾಗಿಲ ಕೆಳಗೂ ಬಟ್ಟೆ ಬಂತು. ಕೈಗೆ ಗಾಳಿ ತಾಗುವ ಜಾಗ ಒಂದೂ ಉಳಿಯಲಿಲ್ಲ. ನಂತರ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದಿದ್ದ ಇದ್ದಿಲ ಬಿಲ್ಲೆ ಹೊತ್ತಿಸಿ, ಲೋಬಾನ ಹಾಕಿ, ಕೂಸಿನ ತಲೆಗೂದಲಿಗೆ ಹೊಗೆ ಕೊಟ್ಟರು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿದ್ದ ಬಿಳಿ ಡಬ್ಬಿ ಕೀಚಲು ದನಿಯಲ್ಲಿ ಕೂಗತೊಡಗಿತು. ಕೂಸು ಬೆಚ್ಚಿ ಅತ್ತಿತು.

"ಏನದು? ಯಾಕ ಒದರಾಕತ್ತೈತಿ?"

"ಲೋಬಾನದ ಹೊಗಿಗೆ, ಅತ್ತಿ. ಮನ್ಯಾಗ ಒಗ್ಗರಣಿ ಹಾಕಿದಾಗ ಒದರ್ತೈತೆಲ್ಲ, ಹಂಗ" ಎಂದ ವಿಜಯ. ಗೋಡೆಯಿಂದ ಡಬ್ಬಿ ಕಿತ್ತು, ಬ್ಯಾಟರಿ ತೆಗೆದು, ಕಾರಿನಲ್ಲಿ ಹಾಕಿದ. ಅದರ ಮೇಲೆ ಏನು ಬರೆದಿದೆ ಎಂದು ನೋಡಲಿಲ್ಲ. ಟ್ರೇಲರಿನಲ್ಲಿ ಎರಡು ಡಬ್ಬಿಗಳಿದ್ದವು. ಹೊಗೆಯದು ಒಂದು. ಅವನು ಕಿತ್ತದ್ದು ಇನ್ನೊಂದು.

ಮಧ್ಯಾಹ್ನದ ಹೊತ್ತಿಗೆ ಮೇಘಾಳಿಗೆ ತಲೆನೋವು ಬಂತು. ವಿಜಯನಿಗೂ ತಲೆ ಭಾರವಾಗಿತ್ತು. ಆಫೀಸಿನ ಕೆಲಸ ಜಾಸ್ತಿಯಾಯಿತು ಎಂದುಕೊಂಡ. ಶಾರದವ್ವನಿಗೆ ಹೊಟ್ಟೆ ತೊಳಸಿದಂತಾಯಿತು. ಬೇರೆ ಊರಿನ ನೀರು ಎಂದುಕೊಂಡರು. ಮೂವರೂ ಆಗ ಒಬ್ಬರಿಗೊಬ್ಬರು ಹೇಳಲಿಲ್ಲ. ಮನೆಗಳಲ್ಲಿ ಹೀಗೆ ಎಷ್ಟೋ ಸಂಗತಿ ಹೇಳದೇ ಉಳಿಯುತ್ತವೆ. ಸಣ್ಣದು, ಹೇಳುವಂಥದ್ದೇನು ಅನ್ನಿಸುತ್ತದೆ.

ಮೇಘಾ ಕೂಸನ್ನು ಶಾಲಿನಲ್ಲಿ ಸುತ್ತಿ ಹೊರಗೆ ಹೋಗಿ, ಸಮುದ್ರದ ಎದುರು ಬೆಂಚಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ತಲೆ ಹಗುರವಾಯಿತು. ಹಿಂದೆಯೇ ತಾಯಿ ಬಂದರು.

"ಕಿವಿಗೆ ಅರಿವಿ ಕಟ್ಟಿಲ್ಲ, ಏನಿಲ್ಲ! ಸಮುದ್ರದ ಗಾಳಿಗೆ ಬಂದು ಕುಂತೀಯಲ್ಲ, ಬುದ್ಧಿ ಐತೇನು?"

"ಅವ್ವಾ, ಒಳಗ ತಲಿ ಸಿಡೀತಿತ್ತು. ಹೊರಗ ಬಂದ ಮ್ಯಾಲ ಆರಾಮ ಆತು."

"ತಲಿ ಯಾಕ ಸಿಡೀತೈತಿ? ಗಾಳಿ ಹೊಕ್ಕೈತಿ ತಲ್ಯಾಗ. ನಿನ್ನೆ ಅಳಿಯಾರು ಆ ಮಷೀನ್ ಹಚ್ಚಿದ್ರಲ್ಲ, ಅವಾಗ ಹೊಕ್ಕಿದ್ದು. ನಡಿ ಒಳಗ."

ಬಾಣಂತಿಗೆ ತಲೆನೋವು ಬಂದರೆ ತಲೆಗೆ ಗಾಳಿ ಹೊಕ್ಕಿದೆ ಎನ್ನುವುದು ನಮ್ಮ ಕಡೆಯ ಮಾತು. ಗಾಳಿ ಹೊಕ್ಕಿದ್ದರೆ ಇನ್ನಷ್ಟು ಮುಚ್ಚಬೇಕು, ಇನ್ನಷ್ಟು ಕಾಯಿಸಬೇಕು. ಶಾರದವ್ವ ಹಾಗೇ ಮಾಡಿದರು. ಮಗಳ ಮೇಲಿನ ಅಕ್ಕರೆಯಿಂದಲೇ ಮಾಡಿದರು.

ರಾತ್ರಿ ಆರಿಸಿದ್ದ ಓವನ್ನನ್ನು ಎರಡನೆಯ ಬೆಳಿಗ್ಗೆ ಎರೆದಾದ ಮೇಲೆ ಮತ್ತೆ ಹಚ್ಚಿದರು. ಈ ಸಲ ಉರಿ ಪೂರ್ತಿ ದೊಡ್ಡದು. ಟ್ರೇಲರಿನೊಳಗೆ ಫೋನಿನ ಸಿಗ್ನಲ್ ಸರಿಯಿರಲಿಲ್ಲ. ಆಫೀಸಿನವರೊಡನೆ ಮಾತಾಡಲು ವಿಜಯ ಕಾರು ತೆಗೆದುಕೊಂಡು ಕ್ಯಾಂಪ್‌ಗ್ರೌಂಡಿನ ಗೇಟಿನ ಹತ್ತಿರ ಹೋದ.

ಕುಮುದಾ ಬಂದದ್ದು ಆಗ. ಕೂಸನ್ನು ನೋಡಲು ಬರುತ್ತೇನೆಂದು ಮೊದಲೇ ಹೇಳಿದ್ದಳು. ಕೈಯಲ್ಲಿ ಕೂಸಿಗೊಂದು ಉಲ್ಲನ್ ಟೋಪಿ. ಬಾಗಿಲು ತಟ್ಟಿದಳು. ಒಳಗೆ ಮಾತಿಲ್ಲ. ಮತ್ತೆ ತಟ್ಟಿದಳು.

"ಮೇಘಾ? ಆಂಟೀ?"

ಬಾಣಂತಿ ಮಲಗಿರಬಹುದು ಎಂದುಕೊಂಡು ಅವಳು ತಿರುಗಿ ಹೋಗಬಹುದಿತ್ತು. ಆದರೆ ಕಿಟಕಿಯ ಗಾಜು ಒಳಗಿನಿಂದ ನೀರಿಳಿಯುವಷ್ಟು ಮಸುಕಾಗಿದ್ದುದು ಕಂಡಿತು. ಸಂದಿಯಲ್ಲಿ ತುರುಕಿದ ಬಟ್ಟೆ ಕಂಡಿತು. ಅವಳು ಬಾಗಿಲು ಎಳೆದು ತೆಗೆದಳು.

ಶಾರದವ್ವ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ತೆರೆದಿತ್ತು. "ಬಾರವಾ" ಎಂದರು. ಏಳಲು ನೋಡಿದರು, ಕಾಲು ನಿಲ್ಲಲಿಲ್ಲ. ಮೇಘಾ ಹಾಸಿಗೆಯ ಮೇಲೆ ಮಗ್ಗುಲಾಗಿದ್ದಳು. ಕರೆದರೆ ಹ್ಞಾಂ ಎನ್ನುತ್ತಿದ್ದಳು, ಕಣ್ಣು ಬಿಡುತ್ತಿರಲಿಲ್ಲ. ಕೂಸು ಅವಳ ಪಕ್ಕದಲ್ಲಿತ್ತು. ಓವನ್ನಿನ ಬಾಗಿಲು ತೆರೆದಿತ್ತು. ಉರಿ ಹಳದಿಯಾಗಿತ್ತು.

ಕುಮುದಾ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಉಸಿರು ಹಿಡಿದು ಒಳಗೆ ನುಗ್ಗಿದಳು. ಓವನ್ ಆರಿಸಿದಳು. ಕೂಸನ್ನು ಎತ್ತಿಕೊಂಡು ಹೊರಗೆ ಬಂದು ಕೂಗಿದಳು. ಪಕ್ಕದ ಟ್ರೇಲರಿನ ವಯಸ್ಸಾದ ದಂಪತಿ ಓಡಿ ಬಂದರು. ಗಂಡ ಮತ್ತು ಕುಮುದಾ ಸೇರಿ ಮೇಘಾಳನ್ನು, ಶಾರದವ್ವನನ್ನು ಎಳೆದು ಹೊರಗೆ ತಂದರು. ಹೆಂಡತಿ ಕೂಸನ್ನು ಹಿಡಿದುಕೊಂಡು ತುರ್ತು ಸಂಖ್ಯೆ ೯೧೧ಕ್ಕೆ ಕರೆ ಮಾಡಿದರು.

ಹೊರಗಿನ ಬಯಲಿನಲ್ಲಿ ಕುಮುದಾ ಕೂಸನ್ನು ತೋಳ ಮೇಲೆ ಹಿಡಿದು ಅಂಗಾಲು ತಟ್ಟಿದಳು. ಕೂಸು ಉಸಿರಾಡುತ್ತಿತ್ತು, ಅಳುತ್ತಿರಲಿಲ್ಲ. ಮತ್ತೆ ತಟ್ಟಿದಳು. ಶಾರದವ್ವ ಹುಲ್ಲಿನ ಮೇಲೆ ಮಲಗಿದ್ದಲ್ಲಿಂದಲೇ ಅದನ್ನು ನೋಡುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಕೂಸು ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ.

ಅಗ್ನಿಶಾಮಕ ದಳದವರು ಬಂದರು. ಒಬ್ಬ ಕೈಯಲ್ಲಿ ಅಳತೆಯ ಯಂತ್ರ ಹಿಡಿದು ಟ್ರೇಲರಿನ ಬಾಗಿಲವರೆಗೆ ಹೋದ. ಯಂತ್ರವನ್ನು ಒಳಗೆ ಚಾಚಿ ನೋಡಿದ. ತನ್ನ ಜೊತೆಗಾರನಿಗೆ ತೋರಿಸಿದ. ಅಷ್ಟರಲ್ಲಿ ವಿಜಯ ಕಾರಿನಿಂದ ಇಳಿದು ಓಡಿ ಬರುತ್ತಿದ್ದ.

ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಸಂಜೆಯ ಹೊತ್ತಿಗೆ ಮೇಘಾ ಎದ್ದು ಕುಳಿತು ಕೂಸಿಗೆ ಹಾಲು ಕೊಟ್ಟಳು. ಒಂದು ದಿನ ಇಲ್ಲೇ ಇರಲಿ, ನೋಡೋಣ ಎಂದರು ಡಾಕ್ಟರು. ಶಾರದವ್ವ ಮಾಸ್ಕ್ ತೆಗೆದ ಮೇಲೆ ಮಗಳ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ವಿಜಯ ನಿಂತೇ ಇದ್ದ.

"ಗ್ಯಾಸ್ ಲೀಕ್ ಆಗಿತ್ತೇನವಾ?" ಎಂದು ಶಾರದವ್ವ ಕುಮುದಾಳನ್ನು ಕೇಳಿದರು.

"ಇಲ್ಲ ಆಂಟಿ. ಲೀಕ್ ಇರಲಿಲ್ಲ."

"ನಾನು ಸೋಪಿನ ನೀರು ಹಚ್ಚಿ ನೋಡಿದ್ದೆ. ವಾಸನೆ ಕೂಡ ಇರಲಿಲ್ಲ" ಎಂದ ವಿಜಯ.

"ನೀವು ನೋಡಿದ್ದು ಸರಿ. ಆದರೆ ನೋಡಿದ್ದು ಉರಿಯೋ ಮೊದಲಿನ ಗ್ಯಾಸ್. ಇದು ಉರಿದ ಮೇಲಿಂದು. ಬೆಂಕಿ ಉರಿಯೋಕೆ ಗಾಳಿ ಬೇಕಲ್ವಾ? ಎಲ್ಲಾ ಮುಚ್ಚಿದ್ರೆ ಬೆಂಕಿಗೇ ಗಾಳಿ ಸಾಲಲ್ಲ. ಆಗ ಅದು ನೀಲಿ ಬಿಟ್ಟು ಹಳದಿಯಾಗಿ, ಅರೆಬರೆ ಉರಿಯುತ್ತೆ. ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ವಿಷ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಉಸಿರಾಡ್ತಾ ಇದ್ದರೂ ರಕ್ತಕ್ಕೆ ಆಕ್ಸಿಜನ್ ಸೇರೋದಕ್ಕೆ ಬಿಡಲ್ಲ."

"ಗ್ಯಾಸಿಗೆ ವಾಸನಿ ಇರ್ತೈತೆಲ್ಲ? ಊರಾಗ ಸಿಲಿಂಡರ್ ಸೋರಿದ್ರ ಓಣಿಗೆಲ್ಲ ಗೊತ್ತಾಕ್ಕೈತಿ."

"ಅದು ಅದರ ಸ್ವಂತ ವಾಸನೆ ಅಲ್ಲ ಆಂಟಿ. ಸೋರಿದ್ರೆ ಜನಕ್ಕೆ ಗೊತ್ತಾಗಲಿ ಅಂತ ಕಂಪನಿಯವರು ಬೆರೆಸಿರ್ತಾರೆ. ನಿಮ್ಮ ಮನೆಗೆ ಗೆದ್ದಲಿಗೆ ವಿಷಾನಿಲ ಬಿಟ್ಟಿದ್ದಾರಲ್ಲ, ಅದಕ್ಕೂ ವಾಸನೆ ಇಲ್ಲ. ಯಾರಾದ್ರೂ ಒಳಗೆ ಹೋಗಿಬಿಟ್ಟಾರು ಅಂತ ಕಣ್ಣು ಉರಿಯೋ ಪದಾರ್ಥ ಜೊತೆಗೆ ಇಡ್ತಾರೆ. ಆದರೆ ಇದಕ್ಕೆ ಯಾರು ವಾಸನೆ ಬೆರೆಸಬೇಕು? ಇದು ನಮ್ಮ ಒಲೆಯಲ್ಲೇ ಹುಟ್ಟೋದು."

ಶಾರದವ್ವ ಒಪ್ಪಲಿಲ್ಲ. ಮುಖದಲ್ಲಿ ಅದು ಕಾಣುತ್ತಿತ್ತು.

"ನಾ ಎಷ್ಟು ಬಾಣಂತನ ಮಾಡೇನಿ ಗೊತ್ತೈತೇನು ನಿನಗ? ಒಬ್ಬರಿಗೂ ಹಿಂಗ ಆಗಿಲ್ಲ. ನಮ್ಮಲ್ಲಿ ಹೊರಸಿನ ಬುಡಕ ಕೆಂಡಾನ ಇಡ್ತೇವಿ. ಇದು ಬರೇ ಓವನ್."

"ಕೆಂಡ ಇನ್ನೂ ಕೆಟ್ಟದ್ದು, ಆಂಟಿ. ಮುಚ್ಚಿದ ಕೋಣೇಲಿ ಅದು ಈ ವಿಷಾನ ಇನ್ನೂ ಜಾಸ್ತಿ ಬಿಡುತ್ತೆ. ಒಂದು ಕೇಳಲಾ? ನಿಮ್ಮ ಬಾಣಂತಿ ಕೋಣೆ ಹೇಗಿರುತ್ತೆ? ನಾನು ನೋಡಿಲ್ಲ."

"ಮಣ್ಣಿನ ಮಾಳಿಗಿ ಮನಿ. ಕಿಡಕಿ ಇರೂದಿಲ್ಲ. ಮ್ಯಾಲ ಬೆಳಕಿಂಡಿ ಇರ್ತೈತಿ."

"ಮಾಳಿಗೇಲಿ ಕಿಂಡೀನಾ? ಅದನ್ನ ಮುಚ್ಚತೀರಾ?"

"ಅದನ್ಯಾಕ ಮುಚ್ಚತಾರ? ಹೊಗಿ ಹೋಗಬೇಕಲ್ಲ. ಮಳಿ ಬಂದಾಗ ಅಷ್ಟ—"

ಕಾರಿಡಾರಿನಲ್ಲಿ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು. ಆ ಸದ್ದು ದೂರವಾಗುವ ತನಕ ಶಾರದವ್ವ ಬಾಗಿಲ ಕಡೆ ನೋಡುತ್ತಿದ್ದರು.

"ನಮ್ಮಕ್ಕ ಇದ್ಲು" ಎಂದರು.

ಮೇಘಾ ತಲೆಯೆತ್ತಿದಳು. ತಾಯಿಗೆ ಅಕ್ಕ ಇದ್ದ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

"ಚೊಚ್ಚಲ ಬಾಣಂತಿ. ಆ ಸಲ ಮಳಿ ಹಿಡದಿದ್ದು ಬಿಡವಲ್ದಾಗಿತ್ತು. ಬಾಣಂತಿ ಮ್ಯಾಲ ಹನಿ ಬೀಳ್ತಾವಂತ ನಮ್ಮಪ್ಪ ಮಾಳಿಗಿ ಹತ್ತಿ ಬೆಳಕಿಂಡಿ ಮ್ಯಾಲ ಪರಾತ ಡಬ್ಬ ಹಾಕಿ ಮುಚ್ಚಿ ಬಂದ. ಒಳಗ ಕೆಂಡ ಇತ್ತು. ಕೂಸು ಅಳ್ತೈತಂತ ಅಜ್ಜಿ ಪಡಸಾಲಿಗೆ ತಂದಿದ್ಲು. ಹೊಳ್ಳಿ ಒಳಗ ಹೋಗಿ ನೋಡಿದ್ರ... ಗಾಳಿ ಸೋಕ್ತು ಅಂದ್ರು. ಬಾಗಲಿಗೆ ಬೇವಿನ ಸೊಪ್ಪು ಕಟ್ಟಿದ್ರು. ಆಮ್ಯಾಲ ಮನ್ಯಾಗ ಯಾರೂ ಅಕಿ ಹೆಸರು ತಗೀಲಿಲ್ಲ."

ಮೇಘಾ ತಾಯಿಯ ಕೈ ಹಿಡಿದುಕೊಂಡಳು.

"ಅದು ಏನಾಗಿತ್ತು ಅಂತ ಈಗ ಹೇಳೋಕಾಗಲ್ಲ ಆಂಟಿ" ಎಂದಳು ಕುಮುದಾ.

"ನೀ ಹೇಳಬ್ಯಾಡವಾ. ನನಗ ತಿಳೀತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಗಾಳಿ ಸೋಕಿರಲಿಲ್ಲ. ಗಾಳಿ ಇರಲಿಲ್ಲ."

ವಿಜಯ ಜೇಬಿನಿಂದ ಆ ಬಿಳಿ ಡಬ್ಬಿ ಹೊರತೆಗೆದ. ಕಾರಿನಿಂದ ತಂದಿದ್ದ. ಅದರ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂದು ದಪ್ಪ ಅಕ್ಷರದಲ್ಲೇ ಇತ್ತು.

"ನಾನು ಇದನ್ನ ಹೊಗೆಯ ಅಲಾರಂ ಅಂದ್ಕೊಂಡೆ."

"ಲೋಬಾನದ ಇದ್ದಿಲಿಗೆ, ಓವನ್ನಿಗೆ, ಎರಡಕ್ಕೂ ಸೇರಿ ಕೂಗಿದೆ ಅದು. ತನ್ನ ಕೆಲಸ ಮಾಡಿದೆ" ಎಂದಳು ಕುಮುದಾ. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. "ನಿನ್ನೆಯಿಂದ ಯಾರಿಗೆ ತಲೆ ನೋಯ್ತಿತ್ತು?"

"ನನಗ" ಎಂದಳು ಮೇಘಾ.

"ನನಗೂ" ಎಂದ ವಿಜಯ.

"ನನಗ ಹೊಟ್ಟಿ ತೊಳಸಾಕತ್ತಿತ್ತು" ಎಂದರು ಶಾರದವ್ವ.

ಮೂವರೂ ಒಬ್ಬರನ್ನೊಬ್ಬರು ನೋಡಿದರು.

"ಒಂದೇ ಸೂರಿನ ಕೆಳಗೆ ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊರಗೆ ಹೋದ್ರೆ ಆರಾಮ. ಹೀಗಾದ್ರೆ ಇದೇ ಇರಬಹುದು ಅಂತ ಮೊದಲು ಅನುಮಾನ ಪಡಬೇಕು. ಕೂಸಿಗೆ ಹೇಳೋಕೆ ಬರಲ್ಲ. ಅದು ಸುಮ್ಮನೆ ಮಲಗುತ್ತೆ. ಒಳ್ಳೇ ಕೂಸು, ಅಳೋದೇ ಇಲ್ಲ ಅಂತ ನಾವು ಅಂದ್ಕೋತೀವಿ."

"ಮತ್ತ ಬಾಣಂತಿ ಬೆಚ್ಚಗ ಇರೂದು ಬ್ಯಾಡೇನು?" ಎಂದು ಶಾರದವ್ವ ಕೇಳಿದರು. ಈ ಸಲ ವಾದಕ್ಕೆ ಕೇಳಿದ್ದಲ್ಲ.

"ಇರಲಿ ಆಂಟಿ. ಯಾರು ಬೇಡ ಅಂದ್ರು? ಸ್ವೆಟರ್ ಹಾಕಿ, ಕಿವಿಗೆ ಕಟ್ಟಿ, ಬಿಸಿನೀರಿನ ಚೀಲ ಬಟ್ಟೇಲಿ ಸುತ್ತಿ ಅವಳ ಸೊಂಟಕ್ಕೆ ಇಡಿ. ಟ್ರೇಲರಿನ ಹೀಟರ್ ಹಾಕಿ. ಅದು ಗಾಳಿ ಊದುತ್ತೆ ನಿಜ. ಆದರೆ ಅದರ ಬೆಂಕಿ ಉಸಿರು ಬಿಡೋದು ಹೊರಗೆ, ಅದಕ್ಕೆ ಬೇರೆ ಕೊಳವೆ ಇದೆ. ಒಳಗೆ ಬರೋದು ಬರೀ ಬಿಸಿ. ಓವನ್ನಿಗೆ ಅಂಥ ಕೊಳವೆ ಇಲ್ಲ, ಅದು ಬಿಟ್ಟಿದ್ದೆಲ್ಲ ನಿಮ್ಮ ಮುಖಕ್ಕೇ. ಗಾಳಿ ಅವಳ ಮೈಗೆ ತಾಗಬಾರದು ಅಂದ್ರೆ ಹಾಸಿಗೆ ಮುಂದೆ ಒಂದು ಸೀರೆ ಪರದೆ ಕಟ್ಟಿ."

"ಮೊದಲ ಅಳಿಯಾರು ಇದನ್ನ ಹೇಳಿದ್ರ ಆಗ್ತಿತ್ತಲ್ಲ" ಎಂದರು ಶಾರದವ್ವ.

"ನನಗೂ ಗೊತ್ತಿರಲಿಲ್ಲ, ಅತ್ತಿ."

"ಹ್ಞೂಂ" ಎಂದರು. ಅಳಿಯನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅವನು ಬೆಳಗಿನಿಂದ ಕುಳಿತಿರಲಿಲ್ಲ.

ಏಪ್ರಿಲಿನಲ್ಲಿ, ಶಾರದವ್ವ ಊರಿಗೆ ಹೊರಡುವ ಮೊದಲು, ಎಲ್ಲರೂ ಮತ್ತೊಮ್ಮೆ ಟ್ರೇಲರಿನಲ್ಲಿ ಸಮುದ್ರದ ಕಡೆಗೆ ಹೋದರು. ಹೋಗೋಣ ಎಂದದ್ದು ಶಾರದವ್ವನೇ. ಡೈಮಂಡ್ ಬಾರ್ ಎಂಬ ಊರಿನಲ್ಲಿ ನೆಲೆಸಿದ ಅಪ್ಪಾಸಾಹೇಬರು, ಮೂಲತಃ ಬೆಳಗಾವಿಯವರು, ಸಂಸಾರ ಸಮೇತ ಪಕ್ಕದ ಟ್ರೇಲರಿನಲ್ಲಿದ್ದರು. ಶಾರದವ್ವ ಅಂದು ಓವನ್ನಿನಲ್ಲಿ ಬದನೆಕಾಯಿ ಸುಟ್ಟರು. ಕಡ್ಡಿ ಗೀರುವ ಮೊದಲು ಚಾವಣಿಯ ಕಿಂಡಿ ತೆಗೆಸಿದರು, ಒಂದು ಕಿಟಕಿ ಸರಿಸಿದರು, ಫ್ಯಾನ್ ಹಾಕಿಸಿದರು. ಉರಿ ನೀಲಿ ಇದೆಯೇ ಎಂದು ಬಗ್ಗಿ ನೋಡಿದರು. ಸುಟ್ಟಾದ ಮೇಲೆ ಗುಂಡಿ ತಿರುಗಿಸಿ ಆರಿಸಿದರು.

ಊಟಕ್ಕೆ ಬಂದ ಅಪ್ಪಾಸಾಹೇಬರು ಕೈ ಉಜ್ಜಿಕೊಂಡರು. "ಥಂಡಿ ಭಾಳ ಐತ್ರಿ. ಆ ಓವನ್ ಹಂಗ ಹಚ್ಚಿಟ್ಟು ಬಾಗಲಾ ತಗೀರಲ್ಲ, ಪುಕ್ಕಟ ಬಿಸಿ."

"ಯಜಮಾನ್ರ, ನಿಮ್ಮ ಟ್ರೇಲರಿನ್ಯಾಗ ಹಂಗ ಮಾಡ್ತೀರೇನು?"

"ಒಮ್ಮೊಮ್ಮೆ."

"ಬದನಿಕಾಯಿ ಸುಡಾಕ ಓವನ್ ಬೇಕು. ನಿಮ್ಮನ್ನ ಸುಡಾಕ ಇನ್ನೂ ಹೊತ್ತೈತಿ. ಕುಂದರ್ರಿ, ಹೇಳ್ತೇನಿ" ಎಂದರು ಶಾರದವ್ವ. ಊಟ ಆರುವವರೆಗೂ ಹೇಳಿದರು. ಅಕ್ಕನ ಹೆಸರನ್ನೂ ಹೇಳಿದರು. ಗಂಗವ್ವ.

ಓದುವವರೇ, ನೀವೂ ರಜೆಗೆ ಟ್ರೇಲರ್ ಹಿಡಿಯುವವರಿರಬಹುದು. ಮನೆ ರಿಪೇರಿಗೆಂದೋ, ಕಾಳ್ಗಿಚ್ಚಿಗೆ ಊರು ಬಿಟ್ಟೋ ಕೆಲವು ದಿನ ಅದರಲ್ಲೇ ಇರಬೇಕಾಗಿ ಬರಬಹುದು. ಪ್ರೊಪೇನ್ ಓವನ್ ಅಡುಗೆಗೆ ಮಾತ್ರ. ಎಷ್ಟೇ ಚಳಿಯಿರಲಿ, ಅದರಿಂದ ಕೋಣೆ ಕಾಯಿಸಬೇಡಿ. ಹಚ್ಚುವ ಮೊದಲು ಕಿಂಡಿ ತೆರೆಯಿರಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ತೆರೆದೇ ಇರಲಿ. ಇದ್ದಿಲು, ಲೋಬಾನದ ಕೆಂಡ ಒಳಗೆ ತರಲೇಬೇಡಿ. ಟ್ರೇಲರ್ ಕೈಗೆ ಬಂದ ಕೂಡಲೇ ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿದೆ ಎಂದು ಹುಡುಕಿ, ಗುಂಡಿ ಒತ್ತಿ ಕೂಗಿಸಿ ನೋಡಿ. ಅದಕ್ಕೂ ಆಯಸ್ಸಿದೆ. ಅವಧಿ ಮುಗಿದಿದ್ದರೆ ಬೇರೆಯದು ಕೇಳಿ. ಅದು ಕೂಗಿದರೆ ಬಾಯಿ ಮುಚ್ಚಿಸಬೇಡಿ. ಕೂಸು, ಮುದುಕರು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ, ಹೊರಗೆ ನಿಂತು ೯೧೧ಕ್ಕೆ ಕರೆ ಮಾಡಿ. ಗ್ಯಾಸಿನ ವಾಸನೆ ಬಂದರೂ ಹಾಗೇ: ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ.

ಮತ್ತೆ, ತಲೆ ನೋಯುತ್ತಿದ್ದರೆ ಹೇಳಿ. ಸಣ್ಣದೆಂದು ಸುಮ್ಮನಿರಬೇಡಿ. ಪಕ್ಕದವರಿಗೂ ನೋಯುತ್ತಿದೆಯೇ ಎಂದು ಕೇಳಿ.

ಮೇಘಾಳ ಮಗಳಿಗೆ ಈಗ ಮೂರು ವರ್ಷ. ಊರಿನಿಂದ ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಶಾರದವ್ವನಿಗೆ ಒಂದು ಮಾತೂ ಅರ್ಥವಾಗುವುದಿಲ್ಲ. ಆ ದನಿ ಕೇಳುತ್ತಿದ್ದರೆ ಅವರಿಗೆ ಸಾಕು, ಫೋನ್ ಇಡು ಎಂದು ಮಾತ್ರ ಹೇಳುವುದಿಲ್ಲ. ನಿಮ್ಮ ಮನೆಯ ಸದ್ದೂ ಹೀಗೇ ಉಳಿಯಲಿ. ಕಿಂಡಿ ತೆರೆದಿಡಿ.